ಸಿಸ್ಟರ್ ವೆಂಡಿ ಅವರ ಮುಂದಲ್ಲುಗಳು: ಒಂದು ಪ್ರಕರಣ ಅಧ್ಯಯನ

1991ರಲ್ಲಿ ಬಿಬಿಸಿಯವರು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳ ಕುರಿತು ಸಾಕ್ಷ್ಯಚಿತ್ರ ಮಾಡಲು ಹೊರಟಾಗ ನಿರೂಪಣೆಗೆ ಆರಿಸಿಕೊಂಡದ್ದು ಅರುವತ್ತು ದಾಟಿದ ಒಬ್ಬ ಕ್ರೈಸ್ತ ಸನ್ಯಾಸಿನಿಯನ್ನು. ಕಪ್ಪು ನಿಲುವಂಗಿ, ಶಿರವಸ್ತ್ರ, ಮುಖದ ಅರ್ಧ ಭಾಗವನ್ನೇ ಆವರಿಸುವ ದೊಡ್ಡ ಕನ್ನಡಕ. ಅವರು ನಗುವುದು ಹೆಚ್ಚು. ನಕ್ಕಾಗ ಮೇಲಿನ ಮುಂದಲ್ಲುಗಳು ತುಟಿ ದಾಟಿ ಎದ್ದು ಕಾಣುತ್ತಿದ್ದವು. ‘ರ’ ಅಕ್ಷರ ನಾಲಿಗೆಗೆ ಸರಿಯಾಗಿ ಹತ್ತುತ್ತಿರಲಿಲ್ಲ. ಟೆಲಿವಿಷನ್ ನಿರೂಪಕರಿಗೆ ಇರಬೇಕೆಂದು ಎಲ್ಲರೂ ಒಪ್ಪಿಕೊಂಡಿದ್ದ ಲಕ್ಷಣಗಳಲ್ಲಿ ಒಂದೂ ಅವರಲ್ಲಿರಲಿಲ್ಲ. ಆದರೂ ಮುಂದಿನ ಹತ್ತು ವರ್ಷಗಳಲ್ಲಿ ಸಿಸ್ಟರ್ ವೆಂಡಿ ಬೆಕೆಟ್ ಬ್ರಿಟನ್ ಮತ್ತು ಅಮೆರಿಕದ ಲಕ್ಷಾಂತರ ಮನೆಗಳಿಗೆ ಚಿತ್ರಕಲೆಯನ್ನು ತಲುಪಿಸಿದರು.

ಅವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮೊದಲ ನಾಲ್ಕಾರು ಸಾಲುಗಳಲ್ಲೇ ಹಲ್ಲಿನ ಮಾತೆತ್ತಿದರು. ಮೆಚ್ಚಿದವರೂ ಎತ್ತಿದರು, ತೆಗಳಿದವರೂ ಎತ್ತಿದರು. ನಾನು ಅಧ್ಯಯನಕ್ಕೆ ಎತ್ತಿಕೊಂಡಿರುವ ಪ್ರಕರಣ ಇದೇ. ಒಬ್ಬ ಮಹಿಳೆ ಚಿತ್ರಕಾರ ರೆಂಬ್ರಾಂಟನ ಬಗ್ಗೆ ಮಾತನಾಡುತ್ತಿರುವಾಗ ಕೇಳುವವರಿಗೆ ಅವರ ಹಲ್ಲಿಗೆ ತಂತಿ ಹಾಕಿಸಬೇಕಿತ್ತೇ ಎಂಬ ಯೋಚನೆ ಏಕೆ ಬರುತ್ತದೆ? ಪರದೆಯ ಮೇಲೆ ಕಂಡ ಬಾಯನ್ನು ನೋಡಿ ರೋಗ ನಿರ್ಣಯಿಸುವ ಅಧಿಕಾರ ಯಾವ ವೈದ್ಯರಿಗೂ ಇಲ್ಲ. ಆದ್ದರಿಂದ ಇಲ್ಲಿ ಪರೀಕ್ಷೆಯ ಕುರ್ಚಿಯಲ್ಲಿ ಕೂರಬೇಕಾದವರು ಸಿಸ್ಟರ್ ವೆಂಡಿ ಅಲ್ಲ, ನೋಡುಗರಾದ ನಾವು.

ಹಿನ್ನೆಲೆ

ವೆಂಡಿ ಬೆಕೆಟ್ ಹುಟ್ಟಿದ್ದು 1930ರ ಫೆಬ್ರವರಿ 25ರಂದು, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿ. ತಂದೆ ವೈದ್ಯಕೀಯ ಓದಲು ಸ್ಕಾಟ್‌ಲೆಂಡಿಗೆ ಹೋದದ್ದರಿಂದ ಬಾಲ್ಯದ ಒಂದಷ್ಟು ಕಾಲ ಎಡಿನ್‌ಬರೋದಲ್ಲಿ ಕಳೆಯಿತು. 1946ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಅವರು ನೋಟ್ರ ಡೇಮ್ ದ ನಾಮೂರ್ ಎಂಬ ಬೋಧಕ ಸನ್ಯಾಸಿನಿಯರ ಸಭೆಗೆ ಸೇರಿದರು. ಸಭೆಯೇ ಅವರನ್ನು ಆಕ್ಸ್‌ಫರ್ಡಿನ ಸೇಂಟ್ ಆನ್ಸ್ ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯ ಓದಲು ಕಳುಹಿಸಿತು. ವಾಸ ಮಾತ್ರ ಕಾನ್ವೆಂಟಿನಲ್ಲಿ, ಮೌನದ ನಿಯಮದಡಿ. 1953ರ ಅಂತಿಮ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ಪರೀಕ್ಷಕರೇ ಎದ್ದು ನಿಂತು ಅಭಿನಂದಿಸುವ ದರ್ಜೆಯ ಪ್ರಥಮ ಸ್ಥಾನ. ಪರೀಕ್ಷಾ ಮಂಡಳಿಯ ಮುಖ್ಯಸ್ಥರು ಕಾದಂಬರಿಕಾರ ಜೆ.ಆರ್.ಆರ್. ಟೋಲ್ಕಿನ್. ಆಕ್ಸ್‌ಫರ್ಡಿನಲ್ಲೇ ಉಳಿಯಬೇಕೆಂದು ಅವರು ಕೇಳಿಕೊಂಡರೂ ಸಿಸ್ಟರ್ ದಕ್ಷಿಣ ಆಫ್ರಿಕಕ್ಕೆ ಪಾಠ ಹೇಳಲು ಮರಳಿದರು.

ಹದಿನೈದು ವರ್ಷದಷ್ಟು ಕಾಲ ಅಲ್ಲಿ ಬೋಧನೆ ಮಾಡಿದರು, ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲೂ ಉಪನ್ಯಾಸ ಕೊಟ್ಟರು. ಅಪಸ್ಮಾರದ ಹೊಡೆತದಿಂದ ಆರೋಗ್ಯ ಕುಸಿಯಿತು. ಒಂಟಿಯಾಗಿ ಪ್ರಾರ್ಥನೆಯಲ್ಲಿ ಇರಬೇಕೆಂಬುದು ಅವರ ಬಹುಕಾಲದ ಹಂಬಲ. 1970ರಲ್ಲಿ ರೋಮಿನ ಒಪ್ಪಿಗೆ ಸಿಕ್ಕಿ, ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಕ್ವಿಡೆನ್‌ಹ್ಯಾಮ್‌ನ ಕಾರ್ಮೆಲ್ ಮಠದ ಆವರಣಕ್ಕೆ ಬಂದರು. ಆ ಮಠದ ಸದಸ್ಯೆಯಾಗಿ ಬಂದದ್ದಲ್ಲ. ಯಾವ ಸಭೆಗೂ ಸೇರದೆ ದೇವರಿಗೆ ಬದುಕನ್ನು ಮುಡಿಪಿಟ್ಟ ಸಮರ್ಪಿತ ಕನ್ಯೆಯಾಗಿ, ಏಕಾಂತವಾಸಿಯಾಗಿ ಮರಗಳ ನಡುವಿನ ಒಂದು ಕ್ಯಾರವಾನಿನಲ್ಲಿ ನೆಲೆಸಿದರು. ದಿನಕ್ಕೆ ಏಳು ಗಂಟೆ ಪ್ರಾರ್ಥನೆ, ಎರಡು ಗಂಟೆ ಕೆಲಸ. ಮೊದಲು ಮಧ್ಯಯುಗದ ಲ್ಯಾಟಿನ್ ಪ್ರವಚನಗಳ ಅನುವಾದ. 1980ರ ಹೊತ್ತಿಗೆ ಅದು ಮುಗಿದಾಗ ಚಿತ್ರಕಲೆಯ ಅಧ್ಯಯನ. ಮ್ಯೂಸಿಯಂಗಳಿಗೆ ಹೋಗುವ ಅವಕಾಶವಿಲ್ಲದ್ದರಿಂದ ಪುಸ್ತಕಗಳೂ ಪೋಸ್ಟ್‌ಕಾರ್ಡುಗಳೂ ಅವರ ಗ್ಯಾಲರಿಯಾದವು.

ಇಷ್ಟನ್ನು ವಿವರವಾಗಿ ಹೇಳಲು ಕಾರಣವಿದೆ. ಹದಿನಾರರಿಂದ ಅರುವತ್ತೊಂದರ ತನಕ ಈ ಮಹಿಳೆಯ ಮುಖವನ್ನು ಸಹ ಸನ್ಯಾಸಿನಿಯರು, ವಿದ್ಯಾರ್ಥಿಗಳು, ಕೆಲವೇ ಪರಿಚಿತರು ಬಿಟ್ಟು ಯಾರೂ ನೋಡಿರಲಿಲ್ಲ. ಅದರಲ್ಲೂ ಕೊನೆಯ ಎರಡು ದಶಕ ಆ ಮುಖ ನೋಡುಗರೇ ಇಲ್ಲದೆ ಬದುಕಿತ್ತು. ಸುಂದರವಾಗಿ ಕಾಣಬೇಕು ಎಂಬ ಒತ್ತಡ ನಮ್ಮೆಲ್ಲರ ಮೇಲೆ ಕೆಲಸ ಮಾಡುವುದು ಪ್ರತಿದಿನ, ಸಣ್ಣ ಸಣ್ಣ ನೋಟಗಳ ಮೂಲಕ. ಆ ನೋಟಗಳ ವ್ಯಾಪ್ತಿಯ ಆಚೆಗೆ ಇದ್ದವರೊಬ್ಬರು ಏಕಾಏಕಿ ಅತಿ ಹೆಚ್ಚು ನೋಟಗಳು ಬೀಳುವ ಜಾಗದಲ್ಲಿ ನಿಂತರು. ಈ ಪ್ರಕರಣ ಬೇರೆ ಯಾವ ಪ್ರಸಿದ್ಧ ವ್ಯಕ್ತಿಯ ಪ್ರಕರಣದಂತೆಯೂ ಇಲ್ಲದಿರುವುದು ಇದರಿಂದಲೇ.

ತಂತಿ ಹಾಕಿಸುವ ವಯಸ್ಸಿನಲ್ಲಿ

ಮಕ್ಕಳಿಗೆ ಹಲ್ಲಿನ ಕ್ಲಿಪ್ ಹಾಕಿಸುವುದು ಸಾಮಾನ್ಯವಾಗಿ ಹಾಲುಹಲ್ಲುಗಳು ಬಿದ್ದು ಕಾಯಂ ಹಲ್ಲುಗಳು ಬಂದ ಮೇಲೆ, ಹತ್ತರಿಂದ ಹದಿನಾಲ್ಕರೊಳಗೆ. ವೆಂಡಿ ಬೆಕೆಟ್ ಆ ವಯಸ್ಸಿನಲ್ಲಿದ್ದದ್ದು 1940ರಿಂದ 1944ರವರೆಗೆ. ಎರಡನೇ ಮಹಾಯುದ್ಧದ ವರ್ಷಗಳು. ಆಗ ವಕ್ರದಂತ ಚಿಕಿತ್ಸೆ ಎಂದರೆ ಪ್ರತಿ ಹಲ್ಲಿಗೂ ಲೋಹದ ಪಟ್ಟಿಯನ್ನು ಅಳತೆಗೆ ತಕ್ಕಂತೆ ಬಿಗಿದು, ಅದಕ್ಕೆ ತಂತಿ ಜೋಡಿಸುವ ದೀರ್ಘ ಕೆಲಸ. ಈಗ ಹಲ್ಲಿನ ಮೇಲೆ ನೇರವಾಗಿ ಅಂಟಿಸುವ ಪುಟ್ಟ ಬ್ರ್ಯಾಕೆಟ್‌ಗಳು ಇವೆಯಲ್ಲ, ಅವು ಸಾಧ್ಯವಾಗಲು ಹಲ್ಲಿನ ಹೊರಪದರವಾದ ಎನಾಮೆಲನ್ನು ಆಮ್ಲದಿಂದ ಒರಟುಗೊಳಿಸುವ ವಿಧಾನ ಬೇಕಿತ್ತು. ಮೈಕೆಲ್ ಬ್ಯೂನೊಕೋರ್ ಅದನ್ನು ಪ್ರಕಟಿಸಿದ್ದು 1955ರಲ್ಲಿ; ಚಿಕಿತ್ಸಾಲಯಗಳಲ್ಲಿ ಅದು ಬಳಕೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಸಾಮಾನ್ಯ ಕುಟುಂಬದ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಹಲ್ಲಿನ ಚಿಕಿತ್ಸೆ ಸಿಗುವ ಬಾಗಿಲು ತೆರೆದದ್ದು ಆ ದಿನ. ವೆಂಡಿಗೆ ಆಗ ಹದಿನೆಂಟು. ಕಾನ್ವೆಂಟ್ ಸೇರಿ ಎರಡು ವರ್ಷ ಆಗಿತ್ತು.

ಆ ಕಾಲದ ಬ್ರಿಟನ್ನಿನಲ್ಲಿ ಹಲ್ಲಿನ ಬಗೆಗಿನ ಧೋರಣೆಯೇ ಬೇರೆ. ಹುಳುಕು, ವಸಡಿನ ರೋಗಗಳಿಂದ ಬೇಸತ್ತ ಜನ ಎಳೆ ವಯಸ್ಸಿನಲ್ಲೇ ಎಲ್ಲ ಹಲ್ಲು ಕೀಳಿಸಿ ಕಟ್ಟುಹಲ್ಲು ಹಾಕಿಸಿಕೊಳ್ಳುತ್ತಿದ್ದರು. ಮದುವೆಗೆ ಮುಂಚೆ ಮಗಳ ಹಲ್ಲುಗಳನ್ನೆಲ್ಲ ತೆಗೆಸಿ ಕಟ್ಟುಹಲ್ಲಿನ ಸೆಟ್ ಕೊಡಿಸುವುದು ಕೆಲವು ಕಡೆ ಉಡುಗೊರೆಯಾಗಿತ್ತು. ಮುಂದೆ ಗಂಡನಿಗೆ ಖರ್ಚು ಬರದಿರಲಿ ಎಂಬ ಲೆಕ್ಕಾಚಾರ. 1968ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಯಸ್ಕರ ಹಲ್ಲಿನ ಸಮೀಕ್ಷೆ ನಡೆದಾಗ ಶೇ. 37ರಷ್ಟು ಜನರ ಬಾಯಲ್ಲಿ ಒಂದೂ ಸ್ವಂತ ಹಲ್ಲು ಇರಲಿಲ್ಲ. ಅಂಥ ಪೀಳಿಗೆಯ ಕಣ್ಣಿಗೆ ಮುಂದೆ ಬಂದಿರುವ ಹಲ್ಲು ದೋಷವಲ್ಲ. ಹಲ್ಲು ಇದೆ, ಅಗಿಯುತ್ತದೆ, ನೋವಿಲ್ಲ ಎಂದರೆ ಅಷ್ಟೇ ದೊಡ್ಡ ಭಾಗ್ಯ.

ಸನ್ಯಾಸದ ಒಳಗಿನ ವ್ಯವಸ್ಥೆಯೂ ಇದಕ್ಕೆ ಸೇರುತ್ತದೆ. ಬಡತನದ ವ್ರತ ಎಂದರೆ ಸ್ವಂತ ಹಣ ಇಲ್ಲದಿರುವುದು ಮಾತ್ರವಲ್ಲ, ಸ್ವಂತ ದೇಹಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದನ್ನೂ ಸಮುದಾಯದ ಕೈಗೆ ಕೊಡುವುದು. ಹಲ್ಲುನೋವು ಬಂದರೆ ಕಾನ್ವೆಂಟಿನ ಮುಖ್ಯಸ್ಥೆಯಾದ ಮದರ್ ಸುಪೀರಿಯರ್ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಹಲ್ಲು ನೇರವಾಗಿ ಕಾಣಬೇಕು ಎಂದು ಹಣ ಕೇಳುವ ಪರಿಪಾಠ ಅಂದಿನ ಕಾನ್ವೆಂಟುಗಳಲ್ಲಿ ಇರಲಿಲ್ಲ. ಎಷ್ಟೋ ಕಾನ್ವೆಂಟುಗಳಲ್ಲಿ ಕನ್ನಡಿಯೇ ಇರಲಿಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರಿನಲ್ಲಿ ಧಾರ್ಮಿಕ ಜೀವನದ ನವೀಕರಣದ ಬಗ್ಗೆ ಹೊರಡಿಸಿದ ಆದೇಶದಲ್ಲಿ ಸನ್ಯಾಸಿಗಳ ಉಡುಪು ಸರಳವಾಗಿರಲಿ, ಗೌರವಯುತವಾಗಿರಲಿ, ಆರೋಗ್ಯಕ್ಕೂ ಹೊಂದಲಿ ಎಂದಿತು. ಮೈಯ ಆರೈಕೆ ಪಾಪವಲ್ಲ ಎಂಬ ಮಾತು ಆಮೇಲೆ ಕಾನ್ವೆಂಟಿನ ಒಳಗೂ ನಿಧಾನಕ್ಕೆ ಹರಡಿತು. ಅಷ್ಟರಲ್ಲಿ ವೆಂಡಿ ಅವರಿಗೆ ಮೂವತ್ತೈದು.

ಹೀಗೆ ಕಾಲ, ಯುದ್ಧ, ಹಣ, ವ್ರತ ನಾಲ್ಕೂ ಸೇರಿ ಆ ಹಲ್ಲುಗಳನ್ನು ಇದ್ದ ಹಾಗೆಯೇ ಬಿಟ್ಟವು. ಅವರು ಕ್ಲಿಪ್ ನಿರಾಕರಿಸಿ ಒಂದು ನಿಲುವು ತಾಳಿದರು ಎಂದು ಕಥೆ ಕಟ್ಟುವ ಅಗತ್ಯವೇ ಇಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅವರನ್ನು ಪ್ರೀತಿಸುವವರು ಮಾಡುವ ತಪ್ಪು ಇದೇ.

ಪರದೆಯ ಮೇಲೆ

1992ರಲ್ಲಿ ‘ಸಿಸ್ಟರ್ ವೆಂಡೀಸ್ ಒಡಿಸ್ಸಿ’, 1994ರಲ್ಲಿ ‘ಗ್ರ್ಯಾಂಡ್ ಟೂರ್’, 1996ರಲ್ಲಿ ‘ಸ್ಟೋರಿ ಆಫ್ ಪೇಂಟಿಂಗ್’, 2001ರಲ್ಲಿ ‘ಅಮೆರಿಕನ್ ಕಲೆಕ್ಷನ್’. ಸ್ಕ್ರಿಪ್ಟ್ ಇಲ್ಲ, ಓದಿ ಹೇಳಲು ಎದುರಿಗೆ ಅಕ್ಷರ ಓಡುವ ಯಂತ್ರವೂ ಇಲ್ಲ. ಚಿತ್ರದ ಮುಂದೆ ನಿಂತು, ಕೈ ಕಟ್ಟಿ ಅಥವಾ ಬೆರಳು ಚಾಚಿ, ಒಂದೇ ಉಸಿರಿಗೆ ಎಂಬಂತೆ ಹೇಳುತ್ತಾ ಹೋಗುತ್ತಿದ್ದರು. ಕ್ಯಾಮೆರಾ ಹತ್ತಿರದಿಂದ ಹಿಡಿಯುತ್ತಿತ್ತು. ಸೆರಗು ಮುಚ್ಚಿಕೊಂಡು ನಗುವ, ತುಟಿ ಬಿಗಿಹಿಡಿದು ಮಾತನಾಡುವ ಅಭ್ಯಾಸ ಉಬ್ಬು ಹಲ್ಲಿನ ಎಷ್ಟೋ ಹೆಣ್ಣುಮಕ್ಕಳಲ್ಲಿ ಇರುತ್ತದೆ. ಸಿಸ್ಟರ್ ವೆಂಡಿಯಲ್ಲಿ ಅದರ ಸುಳಿವೂ ಇಲ್ಲ. ಬಾಯಿ ತುಂಬಾ ನಗುತ್ತಾರೆ, ಬಾಯಿ ತುಂಬಾ ಮಾತನಾಡುತ್ತಾರೆ. ಹಳೆಯ ಕಂತುಗಳನ್ನು ನೋಡುವಾಗ ನನ್ನನ್ನು ಪ್ರತಿಸಲವೂ ಹಿಡಿದು ನಿಲ್ಲಿಸುವುದು ಈ ನಿಸ್ಸಂಕೋಚ.

ಬೆತ್ತಲೆ ಚಿತ್ರಗಳ ಮುಂದೆಯೂ ಅವರು ಹಾಗೆಯೇ ನಿಂತರು. ಬ್ರಿಟಿಷ್ ಚಿತ್ರಕಾರ ಸ್ಟ್ಯಾನ್ಲಿ ಸ್ಪೆನ್ಸರನ ನಗ್ನಚಿತ್ರವೊಂದರ ಬಗ್ಗೆ, ಅದರ ರೋಮದ ಸಮೇತ, ಅಕ್ಕರೆಯಿಂದ ಮಾತನಾಡಿದ್ದು ಆಗ ದೊಡ್ಡ ಸುದ್ದಿ. ದೇಹ ದೇವರ ಸೃಷ್ಟಿ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ ಎಂಬುದು ಅವರ ಧೋರಣೆ. 1997ರಲ್ಲಿ ಅಮೆರಿಕದ ಪತ್ರಕರ್ತ ಬಿಲ್ ಮೋಯರ್ಸ್ ನಡೆಸಿದ ಸಂದರ್ಶನದಲ್ಲಿ, ಭಾರಿ ವಿವಾದಕ್ಕೆ ಸಿಕ್ಕಿದ್ದ ಆಂಡ್ರೆಸ್ ಸೆರಾನೊ ಅವರ, ಮೂತ್ರದಲ್ಲಿ ಮುಳುಗಿಸಿದ ಶಿಲುಬೆಯ ಛಾಯಾಚಿತ್ರವನ್ನು ದೈವನಿಂದೆ ಎನ್ನಲು ಕೂಡ ಒಪ್ಪಲಿಲ್ಲ. ಇಂಥ ಗಟ್ಟಿ ಮಾತುಗಳನ್ನು ಆಡಿದವರನ್ನು ಬಹಳ ಜನ ನೆನಪಿಟ್ಟದ್ದು ‘ಹಲ್ಲುಬ್ಬಿನ ಸಿಸ್ಟರ್’ ಎಂದು.

ಹಲ್ಲಿನ ಉಲ್ಲೇಖ ಎರಡು ಬಗೆಯಲ್ಲಿ ಬಂತು. ಒಂದು, ಕೆಳಗಿಳಿಸುವ ಬಗೆ. ಅವರ ವಿವರಣೆ ತೀರಾ ಸರಳ, ಪಂಡಿತರಿಗೆ ಹೊಸದೇನೂ ಇಲ್ಲ ಎಂದು ಟೀಕಿಸಿದ ವಿಮರ್ಶಕರಿದ್ದರು. ಅದು ನ್ಯಾಯವಾದ ಟೀಕೆ, ಒಪ್ಪಬಹುದು, ಬಿಡಬಹುದು. ಆದರೆ ಅದೇ ಟೀಕೆಯ ಒಳಗೆ ಹಲ್ಲನ್ನೂ ತುರುಕಿದಾಗ ವಿಮರ್ಶೆ ಅಲ್ಲಿಗೆ ನಿಂತಿತು. ಒಬ್ಬ ಗಂಡಸು ಕಲಾ ವಿಮರ್ಶಕನ ಪುಸ್ತಕ ಸಪ್ಪೆಯಾಗಿದೆ ಎನ್ನುವಾಗ ಅವನ ದವಡೆಯ ಅಳತೆ ಕೊಡುವುದನ್ನು ನಾನು ಕಂಡಿಲ್ಲ.

ಎರಡನೆಯದು ಮುದ್ದು ಮಾಡುವ ಬಗೆ. ‘ಆ ಹಲ್ಲು, ಆ ತೊದಲು, ಎಷ್ಟು ಚಂದದ ಅಜ್ಜಿ!’ ಕೇಳಲು ಹಿತ. ಆದರೆ ಇದರಲ್ಲೂ ಆಕ್ಸ್‌ಫರ್ಡಿನ ಪ್ರಥಮ ದರ್ಜೆ ಮರೆಯಾಗುತ್ತದೆ, ಲ್ಯಾಟಿನ್ ಅನುವಾದಕಿ ಮರೆಯಾಗುತ್ತಾರೆ, ಉಳಿಯುವುದು ಒಂದು ಗೊಂಬೆ. ಮುದ್ದಿನ ಮಾತು ಆಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದು ಗೊತ್ತು. ಆದರೂ ಈ ಎರಡು ಬಗೆಗಳಲ್ಲಿ ಒಂದು ವಾಸಿ, ಇನ್ನೊಂದು ಹೀನ ಎಂದು ಹೇಳಲು ನನ್ನಿಂದಾಗದು.

ಅಮೆರಿಕದ ಕಣ್ಣು, ಬ್ರಿಟನ್ನಿನ ಹಲ್ಲು

ಅವರ ‘ಸ್ಟೋರಿ ಆಫ್ ಪೇಂಟಿಂಗ್’ 1997ರಲ್ಲಿ ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿ ಪ್ರಸಾರವಾಯಿತು. ಅಮೆರಿಕದಲ್ಲಿ ಹಲ್ಲಿಗೆ ತಂತಿ ಎಂಬುದಕ್ಕೆ ಆಗಲೇ ಒಂದು ಶತಮಾನದ ಇತಿಹಾಸವಿತ್ತು. ಎಡ್ವರ್ಡ್ ಆಂಗಲ್ ಎಂಬ ದಂತವೈದ್ಯರು ಹಲ್ಲುಗಳ ಕಚ್ಚುವಿಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದು 1899ರಲ್ಲಿ. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಇದಕ್ಕೆಂದೇ ಶಾಲೆ ತೆರೆದರು. ಮೇಲಿನ ಮುಂದಲ್ಲು ಮುಂದಕ್ಕೆ ಚಾಚುವುದು ಅವರ ಲೆಕ್ಕದಲ್ಲಿ ಎರಡನೇ ವರ್ಗದ ಮೊದಲ ವಿಭಾಗ. ಈಗಲೂ ನಮ್ಮ ದಂತ ವೈದ್ಯಕೀಯ ವಿದ್ಯಾರ್ಥಿಗಳು ಓದುವುದು ಇದೇ ವಿಂಗಡಣೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಮಧ್ಯಮವರ್ಗದ ಮನೆಯಲ್ಲಿ ಮಗುವಿನ ಬಾಯಿಯ ತಂತಿ ಎಂದರೆ ತಂದೆತಾಯಿಗಳ ಕೈಯಲ್ಲಿ ದುಡ್ಡಿದೆ, ಮಗುವಿನ ಭವಿಷ್ಯದ ಬಗ್ಗೆ ಕಾಳಜಿ ಇದೆ ಎಂಬುದರ ಗುರುತಾಯಿತು. ಅಲ್ಲಿಂದ ಒಂದೇ ಹೆಜ್ಜೆ: ಸೊಟ್ಟ ಹಲ್ಲು ಎಂದರೆ ಬಡತನ, ಇಲ್ಲವೇ ಅಲಕ್ಷ್ಯ.

ಬ್ರಿಟಿಷರ ಹಲ್ಲು ಕೆಟ್ಟದ್ದು ಎಂಬ ಅಮೆರಿಕನ್ ನಗೆಚಾಟಿಕೆ ಹುಟ್ಟಿದ್ದೂ ಈ ಗ್ರಹಿಕೆಯಿಂದಲೇ. 2015ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎರಡೂ ದೇಶಗಳ ಸಮೀಕ್ಷೆಗಳನ್ನು ಹೋಲಿಸಿತು. ಕಳೆದುಕೊಂಡ ಹಲ್ಲುಗಳ ಸರಾಸರಿ ಇಂಗ್ಲೆಂಡಿನಲ್ಲಿ 6.97, ಅಮೆರಿಕದಲ್ಲಿ 7.31. ಆರೋಗ್ಯದ ಲೆಕ್ಕದಲ್ಲಿ ಇಂಗ್ಲೆಂಡಿನ ಬಾಯಿ ಹಿಂದೆ ಬಿದ್ದಿರಲಿಲ್ಲ. ಸಾಲು ನೇರವಾಗಿರುವುದು ಬೇರೆ, ಹಲ್ಲು ಆರೋಗ್ಯವಾಗಿರುವುದು ಬೇರೆ. ಸಿಸ್ಟರ್ ವೆಂಡಿಯ ಪ್ರಕರಣದಲ್ಲಿ ಜನ ಬೆರೆಸಿಬಿಟ್ಟದ್ದು ಇವೆರಡನ್ನೇ.

ತಂತಿಯ ಬದಲು ಹಲ್ಲಿನ ಮೇಲೆ ತೊಡುವ ಪಾರದರ್ಶಕ ಕವಚಗಳನ್ನು, ಅಂದರೆ ಅಲೈನರ್‌ಗಳನ್ನು, ಮಾರುಕಟ್ಟೆಗೆ ತಂದ ಅಲೈನ್ ಟೆಕ್ನಾಲಜಿ ಕಂಪನಿ ಸ್ಥಾಪನೆಯಾದದ್ದೂ 1997ರಲ್ಲಿ. ಅಲ್ಲಿಂದ ಮುಂದೆ ತಂತಿ ಮಕ್ಕಳ ವಿಷಯವಾಗಿ ಉಳಿಯಲಿಲ್ಲ. ನಲವತ್ತರಲ್ಲೂ ಐವತ್ತರಲ್ಲೂ ಹಲ್ಲು ಸರಿ ಮಾಡಿಸಬಹುದು ಎಂಬ ಆಶ್ವಾಸನೆ ‘ಇನ್ನೂ ಏಕೆ ಮಾಡಿಸಿಲ್ಲ?’ ಎಂಬ ತಗಾದೆಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಚಿತ್ರಗಳಲ್ಲಿ ಹಲ್ಲು

ಸಿಸ್ಟರ್ ವೆಂಡಿಯ ಜೀವನದ ವಿಷಯವೇ ಚಿತ್ರಕಲೆಯಾದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಯುರೋಪಿನ ಗ್ಯಾಲರಿಗಳಲ್ಲಿ ನಡೆಯುತ್ತಾ ಹೋದರೆ ಶತಮಾನಗಟ್ಟಲೆ ಗಣ್ಯರು ಬಾಯಿ ಮುಚ್ಚಿಕೊಂಡೇ ಕೂತಿರುತ್ತಾರೆ. ಹಲ್ಲು ತೋರಿಸುವವರು ಕುಡುಕರು, ಮಕ್ಕಳು, ಹುಚ್ಚರು, ಹಳ್ಳಿಗರು. 1787ರ ಪ್ಯಾರಿಸ್ ಪ್ರದರ್ಶನದಲ್ಲಿ ಎಲಿಜಬೆತ್ ವಿಜೆ ಲ ಬ್ರನ್ ಎಂಬ ಚಿತ್ರಕಾರ್ತಿ ಮಗಳನ್ನು ಅಪ್ಪಿಕೊಂಡ ತನ್ನ ಸ್ವಚಿತ್ರ ಇಟ್ಟರು. ತುಟಿ ತುಸು ಬಿರಿದು ಬಿಳಿಯ ಹಲ್ಲು ಕಾಣುತ್ತದೆ. ಪ್ರಾಚೀನರಲ್ಲಿ ಇದಕ್ಕೆ ಮಾದರಿಯೇ ಇಲ್ಲ, ತಾಯಿಯಾದವಳಿಗೆ ಇದು ಒಪ್ಪುವುದಿಲ್ಲ ಎಂದು ಅಂದಿನ ರಸಿಕರು ಗೊಣಗಿದರು. ಅದೇ ಪ್ಯಾರಿಸ್ಸಿನಲ್ಲಿ ಅರುವತ್ತು ವರ್ಷ ಮೊದಲು, 1728ರಲ್ಲಿ, ಪಿಯೆರ್ ಫೋಶಾರ್ ತನ್ನ ದಂತವೈದ್ಯ ಗ್ರಂಥದಲ್ಲಿ ಲಾಳದಾಕಾರದ ಲೋಹದ ಪಟ್ಟಿಯೊಂದನ್ನು ವರ್ಣಿಸಿದ್ದ. ಸೊಟ್ಟ ಹಲ್ಲುಗಳನ್ನು ದಾರದಿಂದ ಅದಕ್ಕೆ ಕಟ್ಟಿ ಸಾಲಿಗೆ ತರುವುದು. ಇಂದಿನ ಕ್ಲಿಪ್ಪಿನ ಪೂರ್ವಜ ಅದು. ಹಲ್ಲು ಚೆನ್ನಾಗಿರಬಹುದು ಎಂಬ ಸಾಧ್ಯತೆ ಮೊದಲು ಬಂತು, ಹಲ್ಲು ತೋರಿಸಿ ನಗಬಹುದು ಎಂಬ ಧೈರ್ಯ ಆಮೇಲೆ. ಚೆನ್ನಾಗಿದ್ದರೆ ಮಾತ್ರ ನಗಬೇಕು ಎಂಬ ಕಟ್ಟಳೆ ನಮ್ಮ ಕಾಲದ್ದು.

‘ರ’ಕಾರದ ವಿಚಾರ

ಉಚ್ಚಾರ ತೊಡಕಿಗೆ ಹಲ್ಲೇ ಕಾರಣ, ತಂತಿ ಹಾಕಿಸಿದ್ದರೆ ಅದೂ ಸರಿಹೋಗುತ್ತಿತ್ತು ಎಂಬ ತರ್ಕ ಸುಲಭವಾಗಿ ಹುಟ್ಟುತ್ತದೆ. ಮುಂದಲ್ಲು ತೀರಾ ಚಾಚಿದಾಗ ತೊಂದರೆಯಾಗುವುದು ಸಾಮಾನ್ಯವಾಗಿ ‘ಸ’ದಂಥ ಊಷ್ಮಗಳಿಗೆ, ತುಟಿ ಮತ್ತು ಹಲ್ಲು ಸೇರಬೇಕಾದ ಇಂಗ್ಲಿಷ್ ‘ಎಫ್’, ‘ವಿ’ಗಳಿಗೆ, ತುಟಿ ಮುಚ್ಚಲಾಗದಿದ್ದರೆ ‘ಪ’, ‘ಬ’, ‘ಮ’ಗಳಿಗೆ. ಇಂಗ್ಲಿಷಿನ ‘ರ’ ಬಹುಮಟ್ಟಿಗೆ ನಾಲಿಗೆಯ ಕೆಲಸ. ನೇರ ಹಲ್ಲಿನ ಎಷ್ಟೋ ಇಂಗ್ಲಿಷರಿಗೂ ಆ ತೊಡಕು ಇದೆ. ಹಾಗಾಗಿ ಉಚ್ಚಾರಕ್ಕೆಂದು ಕ್ಲಿಪ್ ಹಾಕಿಸಲು ಬರುವವರಿಗೆ ಮೊದಲು ವಾಕ್‌ ತಜ್ಞರನ್ನು ಕಾಣಿ ಎಂದು ಹೇಳುವ ದಂತವೈದ್ಯರು ಸರಿಯಾದ ಕೆಲಸ ಮಾಡುತ್ತಿರುತ್ತಾರೆ.

ಚಿಕಿತ್ಸೆಯ ಲೆಕ್ಕ

ಸಿಸ್ಟರ್ ವೆಂಡಿಯನ್ನು ಹೊಗಳುವ ಭರದಲ್ಲಿ ಕ್ಲಿಪ್ಪನ್ನೇ ಹಳಿಯುವವರ ಜೊತೆ ನಾನು ನಿಲ್ಲಲಾರೆ. ಮುಂದಲ್ಲು ಚಾಚಿರುವ ಮಗುವಿಗೆ ಬಿದ್ದು ಹಲ್ಲು ಮುರಿಯುವ ಅಪಾಯ ನಿಜವಾದದ್ದು. ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವಿನ ಅಂತರ 3 ಮಿಲಿಮೀಟರ್ ದಾಟಿದರೆ ಆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಬ್ರಿಟನ್ನಿನಲ್ಲಿ 1989ರಲ್ಲಿ ಪ್ರಕಟವಾದ, ಚಿಕಿತ್ಸೆಯ ಅಗತ್ಯ ಎಷ್ಟೆಂದು ಹೇಳುವ ಸೂಚ್ಯಂಕ ಇಂಥ ಅಂತರವನ್ನೂ ಅಳೆದು ಐದು ದರ್ಜೆ ಮಾಡುತ್ತದೆ. 6 ಮಿಲಿಮೀಟರ್ ಮೀರಿದರೆ ನಾಲ್ಕನೇ ದರ್ಜೆ, 9 ಮೀರಿದರೆ ಐದನೆಯದು. ಈ ಎರಡು ದರ್ಜೆಯ ಮಕ್ಕಳಿಗೆ ಅಲ್ಲಿ ಸರ್ಕಾರವೇ ಚಿಕಿತ್ಸೆ ಕೊಡುತ್ತದೆ. ಬೆಳೆಯುವ ವಯಸ್ಸಿನಲ್ಲಿ ದವಡೆಯ ಬೆಳವಣಿಗೆಯನ್ನೇ ಬಳಸಿಕೊಳ್ಳುವ ಉಪಕರಣಗಳಿವೆ. ಸ್ಕಾಟ್‌ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್ ಅವುಗಳಲ್ಲಿ ಹೆಸರಾದದ್ದು. ಶಾಲೆಯಲ್ಲಿ ಅಡ್ಡಹೆಸರು ಕೇಳಿ ಕೇಳಿ ತಲೆ ತಗ್ಗಿಸಿದ ಹನ್ನೆರಡರ ಹುಡುಗಿಗೆ ‘ಸಿಸ್ಟರ್ ವೆಂಡಿಯನ್ನು ನೋಡು, ಹಾಗೆ ಇರು’ ಎಂದು ಬುದ್ಧಿ ಹೇಳುವುದು ಕ್ರೌರ್ಯ. ಆ ಹುಡುಗಿಗೆ ಏಕಾಂತದ ಕ್ಯಾರವಾನ್ ಇಲ್ಲ. ನಾಳೆ ಬೆಳಿಗ್ಗೆ ಅದೇ ತರಗತಿಗೆ ಹೋಗಬೇಕು.

ಅರುವತ್ತೊಂದರ ವಯಸ್ಸಿನ, ನೋವಿಲ್ಲದ, ದೂರಿಲ್ಲದ ವ್ಯಕ್ತಿಯ ಲೆಕ್ಕವೇ ಬೇರೆ. ದವಡೆಯ ಬೆಳವಣಿಗೆ ಮುಗಿದಿರುತ್ತದೆ. ಚಾಚು ಹೆಚ್ಚಿದ್ದರೆ ಜಾಗಕ್ಕಾಗಿ ಒಳ್ಳೆಯ ಹಲ್ಲುಗಳನ್ನೇ ಕೀಳಬೇಕಾಗಬಹುದು, ಇಲ್ಲವೇ ದವಡೆಯ ಶಸ್ತ್ರಚಿಕಿತ್ಸೆ. ವಸಡು, ಮೂಳೆ ಗಟ್ಟಿ ಇರಬೇಕು. ಒಂದೂವರೆ ಎರಡು ವರ್ಷ ತಂತಿ, ಆಮೇಲೆ ಹಲ್ಲು ಹಿಂದಕ್ಕೆ ಸರಿಯದಂತೆ ಜೀವನಪೂರ್ತಿ ರಿಟೈನರ್. ಇಷ್ಟಕ್ಕೂ ಸಿಗುವ ಲಾಭ ಯಾರಿಗೆ? ದೂರು ಇದ್ದದ್ದು ಹಲ್ಲಿನ ಒಡತಿಗಲ್ಲ, ಸೋಫಾದಲ್ಲಿ ಕುಳಿತವರಿಗೆ. ದೂರುವವರೊಬ್ಬರು, ಚಿಕಿತ್ಸೆ ಪಡೆಯುವವರು ಇನ್ನೊಬ್ಬರು ಎಂಬಂಥ ಪ್ರಕರಣವನ್ನು ಒಳ್ಳೆಯ ವೈದ್ಯರು ಕೈಗೆತ್ತಿಕೊಳ್ಳುವುದಿಲ್ಲ.

ಸನ್ಯಾಸಿನಿ ತಂತಿ ಹಾಕಿಸಿಕೊಂಡರೆ

ಪ್ರಕರಣವನ್ನು ತಿರುಗಿಸಿ ನೋಡಿದಾಗಲೇ ಅದು ಪೂರ್ತಿಯಾಗುವುದು. ಕರಾವಳಿಯಲ್ಲಿ, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಓದಿದ, ಚಿಕಿತ್ಸೆ ಪಡೆದ ಕನ್ನಡಿಗರು ಲೆಕ್ಕವಿಲ್ಲದಷ್ಟು. ಅಪೊಸ್ತಲಿಕ್ ಕಾರ್ಮೆಲ್ ಸಭೆ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನು ಆರಂಭಿಸಿದ್ದು 1921ರಲ್ಲಿ. ನಮ್ಮ ಊರುಗಳಲ್ಲಿ ಪ್ರಿನ್ಸಿಪಾಲ್ ಸಿಸ್ಟರ್ ಎಂದರೆ ಟಿವಿ ಇಲ್ಲದೆಯೂ ಸಾರ್ವಜನಿಕ ವ್ಯಕ್ತಿಯೇ. ಅಂಥ ಒಬ್ಬ ಸಿಸ್ಟರ್ ರಜೆ ಮುಗಿಸಿ ಬಂದಾಗ ಹಲ್ಲಿನ ಮೇಲೆ ಕ್ಲಿಪ್ ಕಂಡರೆ ಏನಾಗುತ್ತದೆ? ಸ್ಟಾಫ್ ರೂಮಿನಲ್ಲಿ, ಶಾಲೆಯ ಗೇಟಿನ ಬಳಿ ಅಮ್ಮಂದಿರ ಗುಂಪಿನಲ್ಲಿ ಮಾತು ಏಳುತ್ತದೆ: ‘ಸಿಸ್ಟರ್‌ಗೆ ಇನ್ನು ಚಂದ ಯಾಕೆ ಬೇಕು? ಮದುವೆಯೇ, ಮಕ್ಕಳೇ?’

ಈ ಪ್ರಶ್ನೆಯೊಳಗೆ ಇರುವ ನಂಬಿಕೆಯನ್ನು ಹೊರಗೆ ಎಳೆದು ನೋಡಬೇಕು. ಹೆಣ್ಣಿನ ಹಲ್ಲು ಸರಿಯಾಗಿರಬೇಕಾದದ್ದು ಗಂಡಿನ ಕಡೆಯವರು ನೋಡಲು ಬರುವ ದಿನಕ್ಕಾಗಿ ಎಂಬುದು ಆ ನಂಬಿಕೆ. ‘ಹುಡುಗಿ ಲಕ್ಷಣವಾಗಿದ್ದಾಳೆ, ಹಲ್ಲು ಮಾತ್ರ ಚೂರು ಮುಂದೆ’ ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆ ದಿನವೇ ಬರದ ಸನ್ಯಾಸಿನಿಗೆ ಹಲ್ಲು ಸರಿಪಡಿಸುವ ಹಕ್ಕೂ ಇಲ್ಲ ಎಂದು ತೀರ್ಪು ಕೊಡುತ್ತೇವೆ. ಒತ್ತೊತ್ತಾಗಿ ಬಂದ ಹಲ್ಲುಗಳ ಸಂದಿಯಲ್ಲಿ ಬ್ರಷ್ ಹೋಗುವುದಿಲ್ಲ, ವಸಡು ಬಾವು ಬರುತ್ತದೆ. ಕೆಳಗಿನ ಹಲ್ಲು ಮೇಲಂಗುಳಿನ ವಸಡನ್ನು ಕಚ್ಚಿ ಗಾಯ ಮಾಡುವುದಿದೆ. ದಿನವಿಡೀ ಪಾಠ ಹೇಳುವವರಿಗೆ ಬಾಯಿ ಕೆಲಸದ ಸಾಧನ. ಇವೆಲ್ಲ ಸಕಾರಣಗಳು. ಇವು ಯಾವುದೂ ಇಲ್ಲದೆ, ನಗುವಾಗ ಸಂಕೋಚವಾಗುತ್ತದೆ ಎಂಬುದೇ ಕಾರಣವಾದರೂ ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ. ವ್ರತ ತೊಟ್ಟ ಮಾತ್ರಕ್ಕೆ ಬಾಲ್ಯದಲ್ಲಿ ಕೇಳಿದ ಅಡ್ಡಹೆಸರು ಮನಸ್ಸಿನಿಂದ ಅಳಿದುಹೋಗುವುದಿಲ್ಲ.

ಖರ್ಚಿನ ಪ್ರಶ್ನೆ ಮಾತ್ರ ನಿಜವಾದ ಪ್ರಶ್ನೆ, ಮತ್ತು ಅದನ್ನು ಕೇಳುವ ಹಕ್ಕಿರುವುದು ಹಣ ಹಂಚಿಕೊಂಡು ಬದುಕುವ ಅವರ ಸಮುದಾಯಕ್ಕೆ. ಸುಪೀರಿಯರ್ ಒಪ್ಪಿದ್ದಾರೆ, ವೈದ್ಯರು ಸರಿ ಎಂದಿದ್ದಾರೆ ಎಂದ ಮೇಲೆ ಸ್ಟಾಫ್ ರೂಮಿಗೂ ಗೇಟಿಗೂ ಅಲ್ಲಿ ಕೆಲಸವಿಲ್ಲ. ತಂತಿ ಇಲ್ಲದ ಸಿಸ್ಟರ್ ವೆಂಡಿಗೆ ‘ಏಕೆ ಹಾಕಿಸಿಲ್ಲ’ ಎಂದು ಕೇಳಿದ್ದೂ, ತಂತಿ ಇರುವ ಸಿಸ್ಟರ್‌ಗೆ ‘ಏಕೆ ಹಾಕಿಸಿದಿರಿ’ ಎಂದು ಕೇಳುವುದೂ ಒಂದೇ ಜಾಗದಿಂದ ಬರುವ ಪ್ರಶ್ನೆಗಳು. ಸನ್ಯಾಸಿನಿಯ ಬಾಯಿ ಎಲ್ಲರಿಗೂ ಸೇರಿದ್ದು ಎಂದು ನಾವು ಅಂದುಕೊಂಡಿದ್ದೇವೆ.

ಸಿಸ್ಟರ್ ವೆಂಡಿ 2001ರ ನಂತರ ಬಹುಮಟ್ಟಿಗೆ ಕ್ವಿಡೆನ್‌ಹ್ಯಾಮಿನ ಏಕಾಂತಕ್ಕೆ ಮರಳಿದರು, ಬರೆಯುತ್ತಲೇ ಇದ್ದರು. 2018ರ ಡಿಸೆಂಬರ್ 26ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ದೊಡ್ಡ ಶ್ರದ್ಧಾಂಜಲಿಗಳನ್ನು ಬರೆದವು. ಕನ್ನಡಕ, ನಿಲುವಂಗಿ, ಹಲ್ಲು ಅವುಗಳಲ್ಲೂ ಬಂದವು. ಅವರ ಕಂತುಗಳು ಈಗಲೂ ಸಿಗುತ್ತವೆ. ಚಿತ್ರಕಲೆ ಕಲಿಯುವ ಮಕ್ಕಳಿಗೆ ತೋರಿಸಬೇಕೆಂದಿರುವ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ಒಂದು ಕೋರಿಕೆ: ‘ನೋಡಲು ಹೇಗೋ ಇದ್ದಾರೆ, ಆದರೆ ಚೆನ್ನಾಗಿ ಹೇಳುತ್ತಾರೆ’ ಎಂಬ ಪೀಠಿಕೆ ಹಾಕಬೇಡಿ. ನೇರವಾಗಿ ಚಿತ್ರದಿಂದ ಶುರು ಮಾಡಿ.